ಎದುರು ಮನೆಯ ಕೀಲಿಕೈ

ಮುಂಬೈ ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲ ಫ್ಲ್ಯಾಟುಗಳಿಗೂ ಲ್ಯಾಚ್ ಬಾಗಿಲು. ಗಾಳಿ ಬೀಸಿದರೆ ಸಾಕು, ತಾನಾಗಿ ಮುಚ್ಚಿಕೊಂಡು ಬೀಗ ಬೀಳುತ್ತದೆ. ಕಸದ ಬಕೆಟ್ ಹೊರಗಿಡಲು ಬಂದವರು ಬರಿಗಾಲಲ್ಲಿ ಹೊರಗೇ ಉಳಿಯುತ್ತಾರೆ. ಅದಕ್ಕೇ ಪ್ರತಿ ಮನೆಯ ಒಂದು ಕೀಲಿ ಎದುರು ಮನೆಯ ಗೋಡೆಯ ಮೊಳೆಯಲ್ಲಿ ತೂಗುತ್ತಿರುತ್ತದೆ. ಇದನ್ನು ಯಾರೂ ಕೇಳಿ ಪಡೆಯುವುದಿಲ್ಲ. ಹೊಸಬರು ಬಂದ ವಾರದೊಳಗೆ ತಾವೇ ಕೀಲಿ ತಂದುಕೊಡುತ್ತಾರೆ. ಕೊಡದವರನ್ನು ಬಿಲ್ಡಿಂಗಿನವರು ಸ್ವಲ್ಪ ಸಂಶಯದಿಂದಲೇ ನೋಡುತ್ತಾರೆ. ನನ್ನ ಕೀಲಿ ಎದುರು ಮನೆಯ ಕಾಕಾನ ಮೊಳೆಯಲ್ಲಿತ್ತು, ಅವರದು ನನ್ನ ಮೊಳೆಯಲ್ಲಿ.

ಅವರು ಉಡುಪಿ ಕಡೆಯವರು, ನಾನು ಧಾರವಾಡದವಳು. ಅವರನ್ನು ಕಾಕಾ ಎಂದು ಕರೆಯತೊಡಗಿದಾಗ, "ನಾನೆಂತ ಮರಾಠಿಯವನಾ ಮಾರಾಯ್ತಿ?" ಎಂದು ಎರಡು ದಿನ ಗೊಣಗಿ ಆಮೇಲೆ ಒಪ್ಪಿಕೊಂಡಿದ್ದರು. ಪರೇಲಿನ ಒಂದು ಹೋಟೆಲಿನ ಗಲ್ಲೆಯಲ್ಲಿ, ದುಡ್ಡಿನ ಪೆಟ್ಟಿಗೆಯ ಮುಂದೆ, ನಲವತ್ತು ವರ್ಷ ಕೂತವರು. ಗಿರಣಿ ಕಾರ್ಮಿಕರಿಗೆ ಚಹಾ ಕೊಡಿಸಿದ ಆ ಹೋಟೆಲಿನಲ್ಲೇ ಆಮೇಲೆ ಆಫೀಸಿನವರಿಗೂ ಕಾಫಿ ಕೊಡಿಸಿ ನಿವೃತ್ತರಾಗಿದ್ದರು. ಆದರೆ ಅವರ ನಿಜವಾದ ಕಸುಬು ಭಾನುವಾರದ್ದು. ಅವರು ತಾಳಮದ್ದಳೆಯ ಅರ್ಥಧಾರಿ.

ತಾಳಮದ್ದಳೆ ಎಂದರೆ ಏನೆಂದು ನನಗೆ ಅವರಿಂದಲೇ ತಿಳಿದದ್ದು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಎದುರುಬದುರು ಕೂತ ಇಬ್ಬರು ಅರ್ಥಧಾರಿಗಳು ಪಂಚೆ ಉಟ್ಟುಕೊಂಡೇ ರಾಜರೂ ಮಂತ್ರಿಗಳೂ ಆಗಿ ಮಾತಿಗೆ ಮಾತು ಬೆಳೆಸುತ್ತಾರೆ. ಮಾತು ಯಾರೂ ಬರೆದುಕೊಟ್ಟದ್ದಲ್ಲ, ಕೂತಲ್ಲೇ ಹುಟ್ಟಬೇಕು. ಕಾಕಾ ಹಾಗೆ ಮೂರು ಗಂಟೆ ಹೊತ್ತು ಒಂದು ಮಾತೂ ಎರಡನೇ ಸಲ ಬಾರದಂತೆ ವಾದ ಮಾಡುತ್ತಿದ್ದರಂತೆ. ಎದುರಾಳಿ ಒಂದು ತಾಸಿನ ಹಿಂದೆ ಆಡಿದ ಮಾತನ್ನು ಅಕ್ಷರ ಬಿಡದೆ ಎತ್ತಿ ಅವನ ಮೇಲೇ ಎಸೆಯುತ್ತಿದ್ದರಂತೆ. "ಎದುರಿಗೆ ಕೂರುವವರಿಗೆ ಇವರೆಂದರೆ ಭಯ" ಎಂದು ಅವರ ಹೆಂಡತಿ, ನಾನು ಕಾಕೂ ಎನ್ನುವವರು, ಹೆಮ್ಮೆಯಿಂದಲೋ ಬೇಸರದಿಂದಲೋ ಹೇಳುತ್ತಿದ್ದರು. ಮನೆಯಲ್ಲಿ ಎದುರಿಗೆ ಕೂರುತ್ತಿದ್ದವರು ಅವರೇ ತಾನೇ.

ಮುಂಬೈಯಲ್ಲಿ ನಡೆದ ಅಂಥ ಕೂಟಗಳ ಕ್ಯಾಸೆಟ್ಟುಗಳು ಕಾಕಾನ ಮನೆಯಲ್ಲಿ ಎರಡು ಟ್ರಂಕು ತುಂಬ ಇದ್ದವು. ಇಲ್ಲಿಯ ಮಳೆಗಾಲಕ್ಕೆ ಅವು ಬೂಸ್ಟು ಹಿಡಿಯತೊಡಗಿದಾಗ, ನಿವೃತ್ತಿಯ ಮರುವರ್ಷ, ಕಾಕಾ ಹಿರಿಯರ ಕಂಪ್ಯೂಟರ್ ಕ್ಲಾಸಿಗೆ ಸೇರಿದರು. ಕಲಿತರು. ಹಟಕ್ಕೆ ಬಿದ್ದು, ವಿಡಿಯೋ ನೋಡಿ ನೋಡಿ, ಕ್ಲೌಡಿನಲ್ಲಿ ಒಂದು ಸರ್ವರ್ ಬಾಡಿಗೆಗೆ ಹಿಡಿದರು. ಸರ್ವರ್ ಎಂದರೆ ಎಲ್ಲೋ ದೂರದಲ್ಲಿ ಹಗಲಿರುಳು ನಡೆಯುತ್ತಿರುವ ಒಂದು ಕಂಪ್ಯೂಟರ್, ನಾವು ಕಾಣದ್ದು. ದಿನಕ್ಕೆ ಒಂದು ಕ್ಯಾಸೆಟ್ ಟೇಪ್‌ರೆಕಾರ್ಡರಿನಲ್ಲಿ ಹಾಕಿ, ಲ್ಯಾಪ್‌ಟಾಪಿಗೆ ಇಳಿಸಿ, ಅಲ್ಲಿಗೆ ಕಳಿಸುತ್ತಿದ್ದರು. ಕಳಿಸಿದ ಕ್ಯಾಸೆಟ್ಟನ್ನು ಎಸೆದುಬಿಡುತ್ತಿದ್ದರು. ನಾನು ವಿಲೆ ಪಾರ್ಲೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಆದರೂ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಏರ್ಪಾಟೆಲ್ಲ ಸರಿಯಾದ ಮೇಲೆ ಕರೆದು ತೋರಿಸಿ, ಮೊದಲ ಕ್ಯಾಸೆಟ್ಟಿನ ಪ್ರತಿಯನ್ನು ನನ್ನ ಫೋನಿಗೆ ಕಳಿಸಿ, "ಕೇಳಿ ನೋಡು. ನಿಮ್ಮ ಧಾರವಾಡದಲ್ಲಿ ಇಂಥದ್ದು ಇಲ್ಲ" ಎಂದರು.

ನಾನು ಹತ್ತು ನಿಮಿಷ ಕೇಳಿ ನಿಲ್ಲಿಸಿದ್ದೆ. ಅದನ್ನು ಅವರಿಗೆ ಹೇಳಿರಲಿಲ್ಲ.

ಸರ್ವರಿಗೆ ಹೋಗುವ ಬಾಗಿಲು ಒಂದೇ, ಅವರ ಪಾಸ್‌ವರ್ಡ್. ಅದು ಬರೆದಿಡುವ ವಸ್ತುವಲ್ಲ ಎಂದು ಕ್ಲಾಸಿನಲ್ಲಿ ಹೇಳಿದ್ದನ್ನು ಅವರು ವೇದವಾಕ್ಯ ಮಾಡಿಕೊಂಡಿದ್ದರು. ಅವರಿಗೆ ಬರೆದಿಡುವ ಅಗತ್ಯವಾದರೂ ಏನಿತ್ತು?

ಅಗತ್ಯ ಬಂದದ್ದನ್ನು ಮೊದಲು ಕಂಡವರು ಕಾಕೂ. "ಚಾ ಕುಡಿದು ಲೋಟ ಇಟ್ಟು, ಚಾ ಎಲ್ಲಿ ಅಂತ ಕೇಳಿದ್ರು" ಎಂದು ಒಂದು ಸಂಜೆ ನನ್ನ ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ ಹೇಳಿದರು. ವಯಸ್ಸಿನವರು ಮರೆಯುತ್ತಾರೆ ಎಂದು ನಾನು ತಳ್ಳಿಹಾಕಿದೆ. ಆಮೇಲೆ ಒಂದು ದಿನ ಅವರು ಸ್ಟೇಷನ್ನಿಂದ ಬರುತ್ತ ಪಕ್ಕದ ವಿಂಗ್ ಹತ್ತಿ, ನಮ್ಮದೇ ಅಂತಸ್ತಿನ ಬೇರೆ ಮನೆಯ ಬೆಲ್ ಒತ್ತಿದ್ದರು. ಅದಾಗಿ ತಿಂಗಳೊಳಗೆ, "ಈ ಸರ್ವರ್ ಯಾಕೋ ನನ್ನನ್ನು ಒಳಗೆ ಬಿಡುದಿಲ್ಲ, ಕೆಟ್ಟಿರಬೇಕು" ಎಂದರು. ನಾನು ನೋಡಿದೆ. ಸರ್ವರ್ ಕೆಟ್ಟಿರಲಿಲ್ಲ. ಅವರು ಪಾಸ್‌ವರ್ಡ್ ತಪ್ಪು ಹಾಕುತ್ತಿದ್ದರು. ಆ ದಿನ ನಾಲ್ಕನೆಯ ಸಲಕ್ಕೆ ಸರಿಹೋಯಿತು. ಮುಂದಿನ ವಾರ ಎಂಟನೆಯ ಸಲಕ್ಕೆ.

ಮರೆತರೆ ಬೇರೆ ದಾರಿ ಇದೆಯೇ ಎಂದು ಹುಡುಕಿದೆ. ಬಾಡಿಗೆ ಕೊಟ್ಟ ಕಂಪನಿಯವರ ಬಳಿ ಇದ್ದದ್ದು ಹೋಟೆಲಿನ ಕಾಲದ ಮೊಬೈಲ್ ನಂಬರು. ಹೊಸ ಪಾಸ್‌ವರ್ಡಿನ ಸಂದೇಶ ಹೋಗುವುದು ಅದಕ್ಕೇ, ಅದು ಈಗ ಯಾರ ಕೈಯಲ್ಲಿದೆಯೋ ತಿಳಿಯದು. ಅಂದರೆ ಕಾಕಾ ಒಮ್ಮೆ ಪೂರ್ತಿ ಮರೆತರೆ ಟ್ರಂಕಿನಲ್ಲಿ ಉಳಿದ ಕ್ಯಾಸೆಟ್ಟುಗಳನ್ನು ಸೇರಿಸಲಾಗದು, ಒಳಗಿರುವುದನ್ನು ಹೊರಗೆ ತರಲೂ ಆಗದು. ಮೂಲ ಕ್ಯಾಸೆಟ್ಟುಗಳು ಆಗಲೇ ಕಸಕ್ಕೆ ಹೋಗಿದ್ದವು.

ಮಾಡಬೇಕಾದದ್ದು ಸಣ್ಣ ಕೆಲಸ. ಪಾಸ್‌ವರ್ಡಿನ ಬದಲು ಎಸ್‌ಎಸ್‌ಎಚ್ ಕೀ ಹಾಕುವುದು. ಲ್ಯಾಬಿನಲ್ಲಿ ವರ್ಷಕ್ಕೆ ನೂರು ಸಲ ಮಾಡಿಸುತ್ತೇನೆ. ಲ್ಯಾಪ್‌ಟಾಪಿನಲ್ಲಿ ಒಂದು ಆಜ್ಞೆ ಕೊಟ್ಟರೆ ಜೋಡಿ ಕಡತಗಳು ಹುಟ್ಟುತ್ತವೆ, ಒಂದು ಬೀಗದಂಥದ್ದು, ಇನ್ನೊಂದು ಕೀಲಿಯಂಥದ್ದು. ಬೀಗವನ್ನು ಸರ್ವರಿನ ಮೇಲಿಡಬೇಕು, ಕೀಲಿ ಲ್ಯಾಪ್‌ಟಾಪಿನಲ್ಲೇ ಇರಬೇಕು. ಆಮೇಲೆ ಯಾರೂ ಏನನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಆದರೆ "ನೀವು ಮರೀಲಿಕ್ಕೆ ಹತ್ತೀರಿ, ಅದಕ್ಕ" ಎಂದು ಆ ಮನುಷ್ಯನಿಗೆ ಹೇಳುವುದು ಹೇಗೆ? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನು ಕಳ್ಳರ ಕಥೆ ಕಟ್ಟಿದೆ.

ಪೂರ್ತಿ ಸುಳ್ಳೇನಲ್ಲ. ಸರ್ವರಿನ ದಾಖಲೆ ತೆಗೆದು ತೋರಿಸಿದೆ. ಯಾವ್ಯಾವುದೋ ದೇಶದಿಂದ ಯಾರ್ಯಾರೋ ಪಾಸ್‌ವರ್ಡ್ ಊಹಿಸಿ ಬಾಗಿಲು ಅಲ್ಲಾಡಿಸಿದ್ದು ಸಾಲುಸಾಲಾಗಿ ಕಾಣುತ್ತಿತ್ತು.

"ನೋಡ್ರಿ ಕಾಕಾ, ದಿನಾ ಎಷ್ಟು ಮಂದಿ ಬಂದು ಹೋಗ್ತಾರ. ಕೀ ಹಾಕಿದ್ರ ಈ ಕಾಟ ಇರೂದಿಲ್ಲ."

"ತಾಳಮದ್ದಳೆ ಕೇಳ್ಲಿಕ್ಕೆ ಇಷ್ಟು ಜನವಾ?" ಎಂದು ಅವರು ನಕ್ಕರು. "ಹಾಲ್‌ನಲ್ಲಿ ಇಷ್ಟು ಜನ ಕಂಡದ್ದೇ ಇಲ್ಲ." ಆಮೇಲೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಆಯ್ತು, ಹಾಕು" ಎಂದರು.

ಆ ಭಾನುವಾರ ಮಧ್ಯಾಹ್ನ ಊಟದ ಟೇಬಲ್ಲಿನಲ್ಲಿ ಕೂತೆವು. ಕೀ ಜೋಡಿ ಹುಟ್ಟಿಸಿದ್ದು ನಿಮಿಷದ ಕೆಲಸ. ಕೀಲಿಗೂ ಒಂದು ಗುಟ್ಟಿನ ಪದ ಇಡುತ್ತೀಯಾ ಎಂದು ಲ್ಯಾಪ್‌ಟಾಪ್ ಕೇಳುತ್ತದೆ. ಇಡಲೇಬೇಕು ಎಂದು ಮಕ್ಕಳಿಗೆ ಕಲಿಸುವವಳು ನಾನೇ. ಅಂದು ಸುಮ್ಮನೆ ಎಂಟರ್ ಒತ್ತಿದೆ. ಮೊದಲ ಬೀಗವನ್ನು ಸರ್ವರಿನ ಮೇಲಿಡಲು ಮಾತ್ರ ಒಂದು ಸಲ, ಕೊನೆಯ ಸಲ, ಹಳೆಯ ಪಾಸ್‌ವರ್ಡ್ ಬೇಕಿತ್ತು.

ಕಾಕಾ ಬೆರಳು ಕೀಬೋರ್ಡಿನ ಮೇಲಿಟ್ಟರು. ತಪ್ಪಾಯಿತು. ಮತ್ತೆ ತಪ್ಪಾಯಿತು. ಮೂರನೆಯದೂ ತಪ್ಪಿದ ಮೇಲೆ ಸರ್ವರ್ ಹತ್ತು ನಿಮಿಷ ಬಾಗಿಲು ಹಾಕಿಕೊಂಡಿತು. ಕಳ್ಳರ ದಾಖಲೆ ನೋಡಿದ ದಿನವೇ ಆ ಏರ್ಪಾಟು ಮಾಡಿದ್ದವರು ಅವರೇ. ಕಾಕೂ ಕೋಕಮ್ ಶರಬತ್ತು ತಂದಿಟ್ಟು ಒಳಗೆ ಹೋದರು. ಹತ್ತು ನಿಮಿಷದ ಮೇಲೆ ಮತ್ತೆ ಮೂರು ಸಲ ತಪ್ಪಿತು. ಕಾಕಾನ ಕಿವಿ ಕೆಂಪಾಗಿತ್ತು. ಅವರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಪರೀಕ್ಷೆಯಲ್ಲಿ ಉತ್ತರ ಹೊಳೆಯದ ವಿದ್ಯಾರ್ಥಿಗಳು ಹಾಗೆ ಕೂರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಅವರ ಮೇಲೆ ರೇಗಿದ್ದೇನೆ. ಅಂದು ಎದ್ದು ಮನೆಗೆ ಓಡಿಬಿಡೋಣ ಅನ್ನಿಸಿತು.

"ಪಾಸ್‌ವರ್ಡ್ ಬ್ಯಾಡ್ರಿ. ಅದು ಎಂಥಾದ್ದು, ಅಷ್ಟ ಹೇಳ್ರಿ," ಎಂದೆ.

"ಒಂದು ಪದ್ಯಕ್ಕೆ ನಾನು ಎತ್ತಿಕೊಂಡ ಮಾತು, ಮೊದಲ ವಾಕ್ಯ. ಇಂಗ್ಲಿಷ್ ಅಕ್ಷರದಲ್ಲಿ. ಯಾವ ಪದ್ಯ ಅಂತಲೇ ತಲೆಗೆ ಬರುದಿಲ್ಲ." ಆಮೇಲೆ, "ಮೊದಲ ಕ್ಯಾಸೆಟ್ಟಿಂದು. ಅಷ್ಟು ಗೊತ್ತುಂಟು" ಎಂದರು.

ಮೊದಲ ಕ್ಯಾಸೆಟ್ ನನ್ನ ಫೋನಿನಲ್ಲಿತ್ತು. ಹತ್ತು ನಿಮಿಷಕ್ಕೆ ನಿಲ್ಲಿಸಿದ್ದೆನಲ್ಲ, ಅಲ್ಲಿಂದಲೇ ಹಾಕಿದೆ. ಮದ್ದಳೆಯ ಪೆಟ್ಟು, ಚೆಂಡೆ, ಹಾಲ್‌ನಲ್ಲಿ ಯಾರದೋ ಕೆಮ್ಮು. ಒಂದು ಪದ್ಯ ಹೋಯಿತು, ಎರಡು ಹೋಯಿತು. ಕಾಕಾ ತಲೆಯಾಡಿಸುತ್ತಿದ್ದರು, ಅಲ್ಲ, ಅಲ್ಲ. ಮೂರನೆಯದನ್ನು ಭಾಗವತರು ಎತ್ತಿದಾಗ ಅವರ ಬೆನ್ನು ನೆಟ್ಟಗಾಯಿತು. ಹಾಡು ಮುಗಿದು ಮಾತು ಶುರುವಾಗುವ ನಡುವಿನ ಚಿಕ್ಕ ಜಾಗದಲ್ಲಿ, ಫೋನಿನೊಳಗಿನ ಕಾಕಾ ಬಾಯಿ ತೆರೆಯುವ ಮೊದಲೇ, ಟೇಬಲ್ಲಿನ ಮುಂದಿದ್ದ ಕಾಕಾ ಗಟ್ಟಿಯಾಗಿ ಆ ವಾಕ್ಯ ಹೇಳಿದರು. ಹೇಳುತ್ತಲೇ ಟೈಪ್ ಮಾಡಿದರು. ಬಾಗಿಲು ತೆರೆಯಿತು.

ಅಡುಗೆಮನೆಯಿಂದ ಕಾಕೂ, "ಸಿಕ್ಕಿತಾ?" ಎಂದು ಕೇಳಿದರು. ಅವರು ಅಲ್ಲಿ ಕೆಲಸವಿಲ್ಲದೆ ನಿಂತಿದ್ದರು ಎಂದು ಆಗ ತಿಳಿಯಿತು.

ಮುಂದಿನದೆಲ್ಲ ಸರಾಗ. ಬೀಗದ ಸಾಲನ್ನು ಸರ್ವರಿನ ಕಡತದಲ್ಲಿ ಇಟ್ಟೆ. ನನ್ನ ಲ್ಯಾಪ್‌ಟಾಪಿನ ಇನ್ನೊಂದು ಬೀಗವನ್ನೂ ಅದರ ಕೆಳಗೆ ಸೇರಿಸಿದೆ. ಪಾಸ್‌ವರ್ಡಿನ ದಾರಿ ಮುಚ್ಚುವಾಗ, ಪರದೆಯ ಮೇಲೆ ತೆರೆದಿದ್ದ ಕಿಟಕಿಯನ್ನು ಹಾಗೇ ಬಿಟ್ಟು ಇನ್ನೊಂದರಿಂದ ಒಳಹೋಗಿ ನೋಡಿದೆ. "ಲ್ಯಾಚ್ ರಿಪೇರಿ ಮಾಡುವಾಗ ಒಬ್ಬರು ಒಳಗೆ ನಿಲ್ತೇವಲ್ಲ, ಹಾಗಾ?" ಎಂದರು ಕಾಕಾ. ಹಾಗೆಯೇ ಎಂದೆ. ಸರ್ವರ್ ಏನನ್ನೂ ಕೇಳದೆ ಒಳಗೆ ಬಿಟ್ಟದ್ದು ಅವರಿಗೆ ವಿಚಿತ್ರವಾಗಿ ಕಂಡಿತು. ಕೇಳುತ್ತದೆ, ನಿಮಗೆ ಕಾಣುವುದಿಲ್ಲ ಅಷ್ಟೆ ಎಂದು ಬಿಡಿಸಿ ಹೇಳಿದೆ. ಪ್ರತಿ ಸಲವೂ ಅದು ಹೊಸದೊಂದು ಪ್ರಶ್ನೆ ಒಡ್ಡುತ್ತದೆ, ಕೀಲಿ ಇದ್ದವರಿಗೆ ಮಾತ್ರ ಬರುವ ಉತ್ತರ ಇಲ್ಲಿಂದ ಹೋಗುತ್ತದೆ, ಕೀಲಿ ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ.

"ಇದು ನಮ್ಮದೇ ಪದ್ಧತಿ," ಎಂದರು ಅವರು ಖುಷಿಯಿಂದ. "ಭಾಗವತರು ಪದ್ಯ ಹಾಕ್ತಾರೆ. ನಾವು ಪ್ರಸಂಗದ ಪುಸ್ತಕ ಒಪ್ಪಿಸುದಿಲ್ಲ, ಅರ್ಥ ಹೇಳ್ತೇವೆ. ಹೇಳುವ ರೀತಿಯಲ್ಲೇ ಗೊತ್ತಾಗ್ತದೆ, ಒಳಗೆ ಪ್ರಸಂಗ ಉಂಟೋ ಇಲ್ಲವೋ ಅಂತ."

ಲ್ಯಾಬಿನಲ್ಲಿ ಇಷ್ಟು ಚೆನ್ನಾಗಿ ನಾನೂ ಹೇಳಿಕೊಟ್ಟಿರಲಿಲ್ಲ. ಕೀಲಿಯ ಕಡತ ಯಾರಿಗೂ ಕೊಡಬೇಡಿ ಎಂದು ಮೂರು ಸಲ ಹೇಳಿ ಮನೆಗೆ ಬಂದೆ.

ಹತ್ತು ದಿನವಾಗಿರಬೇಕು. ಮಧ್ಯಾಹ್ನ ಲ್ಯಾಬಿನಲ್ಲಿದ್ದಾಗ ಅವರ ತಾಳಮದ್ದಳೆ ಗುಂಪಿನ ವಾಟ್ಸ್‌ಆಪ್ ಸಂದೇಶ ಬಂತು. ನಾನು ಬೇಡವೆಂದರೂ ನನ್ನನ್ನು ಆ ಗುಂಪಿಗೆ ಸೇರಿಸಿದ್ದರು. ತೆರೆದರೆ ಕೀಲಿಯ ಕಡತ. ಕೆಳಗೆ ಕಾಕಾನ ಬರಹ: "ಇದು ನಮ್ಮ ಕ್ಯಾಸೆಟ್‌ಗಳ ಮನೆಯ ಕೀ. ಎಲ್ಲರೂ ಜೋಪಾನವಾಗಿ ಇಟ್ಟುಕೊಳ್ಳಿ." ನಲವತ್ತು ಮಂದಿಯ ಗುಂಪು. ಹನ್ನೆರಡು ಜನ ಆಗಲೇ ಕೈ ಮುಗಿದಿದ್ದರು. ಒಬ್ಬರು "ಓಪನ್ ಆಗುವುದಿಲ್ಲ" ಎಂದಿದ್ದರು. ಇನ್ನೊಬ್ಬರು, "ನಮ್ಮ ಊರಿನ ಗ್ರೂಪಿಗೂ ಕಳಿಸಿದ್ದೇನೆ" ಎಂದಿದ್ದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಂದು ಅದು ನೆತ್ತಿಗೇರಿತು. ನನ್ನ ಕೀಲಿಯಿಂದ ಸರ್ವರಿಗೆ ಹೋಗಿ ಕಾಕಾನ ಬೀಗದ ಸಾಲನ್ನು ಅಳಿಸಿಹಾಕಿದೆ. ಈಗ ಆ ಕೀಲಿ ಯಾರ ಬಳಿ ಇದ್ದರೂ ಬರಿಯ ಕಬ್ಬಿಣದ ಚೂರು. ಕಾಕಾನೂ ಹೊರಗೇ ಉಳಿದರು. ಒಳಗಿನ ಒಂದೊಂದು ಕಡತವನ್ನೂ ಎಣಿಸಿ ನೋಡಿದೆ. ಏನೂ ಹೋಗಿರಲಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎನ್ನುವ ಹಾಗಾಗಲಿಲ್ಲವಲ್ಲ ಎಂದುಕೊಂಡರೂ ಸಿಟ್ಟು ಇಳಿಯಲಿಲ್ಲ. ಪಾರ್ಲೆಯಿಂದ ಬೊರಿವಲಿವರೆಗೂ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತೇ ಬಂದೆ. ನಿಂತಷ್ಟು ಹೊತ್ತೂ ಏನೇನು ಅನ್ನಬೇಕೆಂದು ಜೋಡಿಸಿಕೊಂಡೆ. ಚಪ್ಪಲಿಯನ್ನೂ ಬಿಡದೆ ಅವರ ಬಾಗಿಲಲ್ಲಿ ನಿಂತೆ.

"ಕಾಕಾ, ಏನಾಗೇತ್ರಿ ನಿಮಗ? ಮೂರು ಸಲ ಹೇಳಿದ್ನೋ ಇಲ್ಲೋ, ಯಾರಿಗೂ ಕೊಡಬ್ಯಾಡ್ರಿ ಅಂತ? ಪ್ರಸಾದ ಹಂಚಿದಂಗ ಹಂಚಿ ಕುಂತೀರಲ್ಲ."

ಅವರು ಪೇಪರ್ ಮಡಚಿಟ್ಟರು. "ನಿನ್ನ ಮನೆಯ ಕೀ ಎಲ್ಲಿ ಉಂಟು?"

"ನಿಮ್ಮ ಮೊಳಿ ಮ್ಯಾಲ ಐತಿ. ಅದಕ್ಕೂ ಇದಕ್ಕೂ ಏನ್ ಸಂಬಂಧ?"

"ಯಾಕೆ ಕೊಟ್ಟದ್ದು?"

"ನಾ ಹೊರಗ ಉಳಿದ್ರ ಬೇಕಾಗ್ತೈತಿ ಅಂತ."

"ನಾನೂ ಅದಕ್ಕೇ ಕೊಟ್ಟದ್ದು ಮಾರಾಯ್ತಿ. ಹೊರಗೆ ಉಳಿಯುವವ ನಾನಲ್ಲವಾ?"

ನಾನು ಅವರ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ನನ್ನ ಕೀಲಿಯನ್ನು ನೋಡಿದೆ.

"ಕಳ್ಳರ ಕಥೆ ಹೇಳಿದೆಯಲ್ಲ," ಎಂದು ಅವರು ಮುಂದುವರಿಸಿದರು, ದನಿ ಏರಿಸದೆ. "ಗಲ್ಲೆಯಲ್ಲಿ ನಲವತ್ತು ವರ್ಷ ಕೂತವ ನಾನು. ಮುಖ ನೋಡಿದ್ರೆ ಗೊತ್ತಾಗ್ತದೆ, ಯಾರು ಎಂತಕ್ಕೆ ಎಂತ ಹೇಳ್ತಾರೆ ಅಂತ. ನೀನು ಸುಮ್ಮನಿದ್ದೆ, ಇವಳು ಸುಮ್ಮನಿದ್ದಾಳೆ, ನಾನೂ ಸುಮ್ಮನಿದ್ದೆ. ಆದ್ರೆ ನಾಳೆ ಈ ಲ್ಯಾಪ್‌ಟಾಪ್ ಎಂತಕ್ಕೆ ಅಂತಲೇ ನಂಗೆ ಗೊತ್ತಾಗದಿದ್ರೆ? ಇಷ್ಟು ಜನರಲ್ಲಿ ಒಬ್ಬರಾದ್ರೂ ಬಾಗಿಲು ತೆಗೀತಾರೆ ಅಂತ ಎಲ್ಲರಿಗೂ ಕೊಟ್ಟೆ."

ಕಾಕೂ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಿಂತಿದ್ದರು. ನನಗೆ ನಾಚಿಕೆಯಾಯಿತು. ಅಳುವೂ ಬಂತು, ಅದನ್ನು ಮುಚ್ಚಿಡಲು ಹೋಗಲಿಲ್ಲ. ಕಾಕಾನನ್ನು ನೋಯಿಸಬಾರದೆಂದು ನಾನು ಕಟ್ಟಿದ ಕಥೆಯಿಂದ, ಅವರು ಆ ಭಯವನ್ನು ಒಬ್ಬರೇ ಹೊತ್ತುಕೊಂಡು ಕೂರಬೇಕಾಗಿ ಬಂದಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಅವರ ಎದುರಿನ ಕುರ್ಚಿಯಲ್ಲಿ ಕೂತೆ.

"ಒಂದ ಕೀ ಎಲ್ಲಾರಿಗೂ ಕೊಡೂದು ಬ್ಯಾಡ್ರಿ," ಎಂದೆ. "ನಿಮಗ ಹೊಸಾದ್ ಮಾಡಿಕೊಡ್ತೀನಿ. ನಂದು ನನ್ನ ಕಡೆ ಐತಿ. ಬಾಗಿಲು ಒಂದ, ಬೀಗ ಎರಡು, ಯಾವುದು ತೆಗೆದ್ರೂ ನಡೀತೈತಿ. ನೀವು ಹೊರಗ ಉಳಿದ ದಿನ ನಾ ತೆಗೀತೀನಿ."

"ಎದುರು ಮನೆಗೆ ಒಂದು. ಅಷ್ಟು ಸಾಕು," ಎಂದರು ಕಾಕಾ.

ಆ ಸಂಜೆಯೇ ಮಾಡಿದೆವು. ಸರ್ವರಿನ ಕಡತದಲ್ಲಿ ಪ್ರತಿ ಬೀಗದ ಸಾಲಿನ ತುದಿಗೆ ಅದು ಯಾರದೆಂದು ಗುರುತು ಬರೆಯುವ ರೂಢಿ ಇದೆ. ನನ್ನದಕ್ಕೆ 'ಎದುರುಮನೆ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆಸಿದರು. ಅವರದಕ್ಕೆ ಏನು ಬರೆಯಲಿ ಎಂದರೆ, ಅದೂ ಎದುರುಮನೆಯೇ ಎಂದರು. "ನಿಂಗೆ ನಾನು ಎದುರು ಮನೆಯವ ಅಲ್ಲವಾ?" ಕೊನೆಗೆ ಎದುರುಮನೆ ಒಂದು, ಎದುರುಮನೆ ಎರಡು ಎಂದು ಬರೆದೆ. ಒಂದನೆಯ ನಂಬರು ತಮಗೇ ಬೇಕೆಂದರು. ಹಿರಿಯರು, ಬಿಟ್ಟುಕೊಟ್ಟೆ.

ಆಮೇಲೆ ಒಂದು ವರ್ಷ ಅವರು ದಿನಾ ಬೆಳಿಗ್ಗೆ ಕ್ಯಾಸೆಟ್ ಏರಿಸಿದರು. ನನಗೆ ಹೇಗೆ ಗೊತ್ತೆಂದರೆ, ಸರ್ವರಿನ ಒಳಗೆ ಹೋದ ಕೂಡಲೇ ಹಿಂದಿನ ಸಲ ಬಂದವರು ಎಷ್ಟು ಹೊತ್ತಿಗೆ, ಎಲ್ಲಿಂದ ಬಂದಿದ್ದರೆಂದು ಒಂದು ಸಾಲು ಕಾಣುತ್ತದೆ. ನಾನು ಕೆಲಸಕ್ಕೆ ಹೊರಡುವ ಮೊದಲು ಒಮ್ಮೆ ಹೋಗಿ ನೋಡುತ್ತಿದ್ದೆ. ಏಳು ಗಂಟೆ, ಏಳೂ ಕಾಲು, ಎದುರು ಮನೆಯಿಂದ. ನೋಡಿ ಸಮಾಧಾನವಾಗಿ ಸ್ಟೇಷನ್ನಿಗೆ ಓಡುತ್ತಿದ್ದೆ. ಎರಡನೆಯ ಟ್ರಂಕಿನ ತಳ ಕಾಣುವ ಹೊತ್ತಿಗೆ ಕೆಲವು ದಿನ ಒಂದೇ ಕ್ಯಾಸೆಟ್ ಎರಡು ಸಲ ಏರಿರುತ್ತಿತ್ತು. ನಾನು ಒಂದನ್ನು ಸದ್ದಿಲ್ಲದೆ ತೆಗೆಯುತ್ತಿದ್ದೆ.

ಆಮೇಲೆ ಒಂದು ಬೆಳಿಗ್ಗೆ ಆ ಸಾಲಿನಲ್ಲಿ ಕಂಡದ್ದು ನಾನೇ, ಹಿಂದಿನ ದಿನದ ನಾನು. ಮರುದಿನವೂ ನಾನೇ. ವಾರವಾಯಿತು. ಉಳಿದಿದ್ದ ಒಂಬತ್ತು ಕ್ಯಾಸೆಟ್ಟುಗಳನ್ನು ಕಾಕೂ ಒಂದು ಚೀಲದಲ್ಲಿ ಹಾಕಿ ತಂದುಕೊಟ್ಟರು. ಟೇಪ್‌ರೆಕಾರ್ಡರನ್ನೂ ಕೊಟ್ಟರು. ನಾನೇ ಏರಿಸಿದೆ. ಯಾರೂ ಬಾರದ ಬೀಗವನ್ನು ತೆಗೆದುಹಾಕಬೇಕು ಎಂದು ಲ್ಯಾಬಿನಲ್ಲಿ ಕಲಿಸುತ್ತೇನೆ. ಎದುರುಮನೆ ಒಂದು ಇನ್ನೂ ಅಲ್ಲೇ ಇದೆ.

ಭಾನುವಾರಗಳಲ್ಲಿ ಈಗ ನನ್ನ ಲ್ಯಾಪ್‌ಟಾಪ್ ಹಿಡಿದು ಎದುರು ಮನೆಗೆ ಹೋಗುತ್ತೇನೆ. ಯಾವುದಾದರೊಂದು ಕೂಟ ಹಾಕುತ್ತೇನೆ. ನಾನು ಈಗ ಪೂರ್ತಿ ಕೇಳುತ್ತೇನೆ, ತಪ್ಪುಗಳನ್ನೂ ಹಿಡಿಯುವಷ್ಟು ಪಳಗಿದ್ದೇನೆ. ಕಾಕಾ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ಬೆರಳಾಡಿಸುತ್ತಿರುತ್ತಾರೆ. ಕಳೆದ ತಿಂಗಳು ಮೊದಲ ಕ್ಯಾಸೆಟ್ ಹಾಕಿದ್ದೆ. ಪಾಸ್‌ವರ್ಡಿನ ಆ ವಾಕ್ಯ ಬಂತು, ಹೋಯಿತು. ಕಾಕಾನ ಬೆರಳು ನಿಂತಿತು.

"ಇದು ಯಾರು ಮಾತಾಡುದು?"

ಬಟಾಣಿ ಬಿಡಿಸುತ್ತಿದ್ದ ಕಾಕೂ ನನ್ನನ್ನು ನೋಡಿದರು.

"ನಮ್ಮ ಎದುರು ಮನಿಯವರು ರೀ, ಕಾಕಾ," ಎಂದೆ.

"ಗಟ್ಟಿಗ ಇದ್ದಾನೆ." ಅವರು ಕುರ್ಚಿಯಲ್ಲಿ ಮುಂದೆ ಸರಿದು ಕೂತರು. "ಇಂಥವನ ಎದುರು ಕೂತು ಅರ್ಥ ಹೇಳ್ಬೇಕು. ಒಂದಿನ ಕರ್ಕೊಂಡು ಬಾ ಮಾರಾಯ್ತಿ. ನಾನಿದ್ದೇನೆ ಅಂತ ಹೇಳು."

"ಹೇಳ್ತೀನ್ರಿ," ಎಂದೆ.

ಅಷ್ಟರಲ್ಲಿ ಭಾಗವತರು ಮುಂದಿನ ಪದ್ಯ ಎತ್ತಿಕೊಂಡಿದ್ದರು. ಅದಕ್ಕೆ ಅವನು ಏನು ಹೇಳುತ್ತಾನೋ ಎಂದು ಕಾಕಾ ಕಿವಿಗೊಟ್ಟು ಕೂತರು.